ಚಿನ್ನದ ಪದಕ ಮತ್ತು ಹತ್ತು ಮಿಲಿಲೀಟರ್ ನೀರು

ಮಗಳಿಗೆ ವಿಜ್ಞಾನ ಹೇಳಿಕೊಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. "ದ್ರವ್ಯರಾಶಿ, ಗಾತ್ರ, ಸಾಂದ್ರತೆ ತಾನೇ? ಬಾ, ಹತ್ತು ನಿಮಿಷದ ಕೆಲಸ" ಅಂದುಬಿಟ್ಟೆ.

"ದ್ರವ್ಯರಾಶಿ ಅಂದ್ರೇನಪ್ಪಾ?"

"ತೂಕ."

"ಅಲ್ಲ. ಚಂದ್ರನ ಮೇಲೆ ತೂಕ ಆರನೇ ಒಂದು ಭಾಗ ಆಗುತ್ತೆ. ದ್ರವ್ಯರಾಶಿ ಇಲ್ಲಿದ್ದಷ್ಟೇ ಇರುತ್ತೆ."

ಪಕ್ಕದ ಕೋಣೆಯಿಂದ ಹೆಂಡತಿಯ ದನಿ ಬಂತು: "ಅಂದ್ರೆ ಅಲ್ಲಿಗೆ ಹೋದ್ರೂ ಈ ಹೊಟ್ಟೆ ಕರಗಲ್ಲ ರೀ."

ಸಾಂದ್ರತೆಯಲ್ಲಾದರೂ ಮಾನ ಉಳಿಸಿಕೊಳ್ಳೋಣ ಅಂತ, "ಅದು ಸುಲಭ, ಗಟ್ಟಿತನ" ಎಂದೆ. "ಹಾಗಾದ್ರೆ ಎಣ್ಣೆ ನೀರಿಗಿಂತ ಮಂದ ಅಲ್ವಾ? ಅದ್ಯಾಕೆ ಮೇಲೆ ತೇಲುತ್ತೆ?" ನಾನು ಕೆಮ್ಮಿದೆ. ಕೆಮ್ಮಿಕೊಂಡು ಎಷ್ಟು ಹೊತ್ತು ತಳ್ಳೋದಕ್ಕಾಗುತ್ತೆ? ಕೊನೆಗೆ ಅವಳೇ ಹೇಳಿದಳು: ಒಂದು ಮಿಲಿಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ತುಂಬಿಕೊಂಡಿದೆ ಅನ್ನೋದೇ ಸಾಂದ್ರತೆ. ನೀರಿಗೆ 1. ಎಣ್ಣೆಗೆ ಸುಮಾರು 0.92, ಅದಕ್ಕೇ ಮೇಲೆ. ಸುರಿಯುವಾಗ ನಿಧಾನವಾಗಿ ಬೀಳೋದು ಬೇರೆ ವಿಷಯವಂತೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳ ಕಣ್ಣು ಗೋಡೆಯ ಮೇಲೆ ತೂಗುತ್ತಿದ್ದ ನನ್ನ ಚಿನ್ನದ ಪದಕದ ಮೇಲೆ ಬಿತ್ತು. ಶಾಲೆಯಲ್ಲಿ ಓಡಿ ಗೆದ್ದದ್ದು. ನಾಲ್ಕು ಜನರ ರಿಲೇ ಓಟ, ಆದರೆ ಆ ಮಾತು ನಾನು ಎತ್ತುವುದು ಕಡಿಮೆ.

ಅಡುಗೆಮನೆ ತಕ್ಕಡಿಯಲ್ಲಿ ಪದಕ 27 ಗ್ರಾಂ ತೂಗಿತು. ಇನ್ನು ಗಾತ್ರ. ಗುಂಡಗಿದೆ, ಮೇಲೆ ಉಬ್ಬು ಅಕ್ಷರ ಬೇರೆ, ಸ್ಕೇಲ್ ಹಿಡಿದರೆ ಲೆಕ್ಕ ಸಿಗಲ್ಲ. ನೀರಲ್ಲಿ ಮುಳುಗಿಸಿದರೆ ಅದು ತನ್ನ ಗಾತ್ರದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ಪಾತ್ರೆಗೆ ಕಂಠಮಟ್ಟ ನೀರು ತುಂಬಿ, ಕೆಳಗೆ ತಟ್ಟೆ ಇಟ್ಟು, ಚೆಲ್ಲಿದ್ದನ್ನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆಯುವುದು ಅಂತಾಯಿತು.

ಪದಕವನ್ನು ನಾನೇ ಮುಳುಗಿಸಿದೆ. ಮುಚ್ಚಳದಲ್ಲಿ 15 ಮಿಲಿಲೀಟರ್. 27ನ್ನು 15ರಿಂದ ಭಾಗಿಸಿದರೆ 1.8. ಅವಳು ಪಟ್ಟಿ ನೋಡಿ, "ಅಪ್ಪಾ, ಮೆಗ್ನೀಸಿಯಮ್ 1.74 ಅಂತಿದೆ. ಅದೇ ಇರಬೇಕು" ಅಂದಳು. ನನ್ನ ಎದೆ ಧಸಕ್ಕೆಂದಿತು. ಆಮೇಲೆ ಅವಳೇ ಕಂಡುಹಿಡಿದಳು, ಪದಕದ ಜೊತೆ ನನ್ನ ಎರಡು ಬೆರಳೂ ಮುಳುಗಿದ್ದವು.

ಎರಡನೇ ಸಲ ದಾರ ಕಟ್ಟಿ ಇಳಿಸಿದೆವು. ಸರಿಯಾಗಿ 10 ಮಿಲಿಲೀಟರ್. ಅಂದರೆ 2.7.

"ಅಲ್ಯೂಮಿನಿಯಂ! ನಮ್ಮ ಕಿಟಕಿ ಚೌಕಟ್ಟಿಂದೂ ಇದೇ ಅಪ್ಪಾ."

ಚಿನ್ನದ ಸಾಂದ್ರತೆ 19.3. ಇಷ್ಟೇ ಗಾತ್ರದ್ದು ಚಿನ್ನವಾಗಿದ್ದರೆ 193 ಗ್ರಾಂ ತೂಗಬೇಕಿತ್ತು. ಇಷ್ಟು ವರ್ಷ ಕತ್ತಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡಾಗಲೆಲ್ಲ ಹೂವಿನಷ್ಟು ಹಗುರ ಅನ್ನಿಸುತ್ತಿತ್ತು. ಗೆದ್ದ ಖುಷಿಗೆ ಹಾಗನ್ನಿಸುತ್ತೆ ಅಂದುಕೊಂಡಿದ್ದೆ.

ಸೋಲೊಪ್ಪಲು ಮನಸ್ಸಿಲ್ಲ. "ನೋಡು, ಒಲಿಂಪಿಕ್ಸಲ್ಲೂ ಪೂರ್ತಿ ಚಿನ್ನದ ಪದಕ ಕೊಟ್ಟದ್ದು 1912ರಲ್ಲೇ ಕೊನೆ. ಈಗಿನದು ಒಳಗೆಲ್ಲ ಬೆಳ್ಳಿ, ಮೇಲೆ ಚಿನ್ನದ ಲೇಪ ಅಷ್ಟೇ" ಎಂದೆ.

"ಬೆಳ್ಳಿ 10.5 ಅಪ್ಪಾ. ನಿಂದು 2.7."

ನಾನು ಸುಮ್ಮನೆ ತಟ್ಟೆಯ ನೀರು ಒರೆಸತೊಡಗಿದೆ. ಅವಳು ಪುಸ್ತಕದ ಮುಂದಿನ ಸಾಲು ಓದಿದಳು: "ವಸ್ತುವನ್ನು ಎರಡು ತುಂಡು ಮಾಡಿದರೂ ಪ್ರತಿ ತುಂಡಿನ ಸಾಂದ್ರತೆ ಅಷ್ಟೇ ಇರುತ್ತದೆ." ಆಮೇಲೆ ತಲೆಯೆತ್ತಿ ಕೇಳಿದಳು: "ಅಪ್ಪಾ, ಗರಗಸ ಎಲ್ಲಿದೆ?"

ಒದ್ದೆ ರಿಬ್ಬನ್ ಸಮೇತ ಪದಕ ಈಗ ಬೀರುವಿನಲ್ಲಿದೆ. ಕೀಲಿ ನನ್ನ ಜೇಬಿನಲ್ಲಿದೆ.