ಸುಮ್ನೆ ಚೆನ್ನಾಗಿದೆ ಅನ್ಬೇಡ!

ಯಾರಾದರೂ "ಮುಲಾಜಿಲ್ಲದೆ ಹೇಳು" ಅಂದರೆ ಮುಲಾಜು ಅಲ್ಲಿಂದಲೇ ಶುರು ಅಂತ ತಿಳಿಯಬೇಕು. ಅದರಲ್ಲೂ ಅವರ ಕೈಯಲ್ಲಿ ಹೊಸ ಕ್ಯಾಮೆರಾ, ಕ್ಯಾಮೆರಾ ಎದುರಿಗೆ ಅವರದೇ ಮಗು ಇದ್ದರೆ ಕಥೆ ಮುಗಿಯಿತು.

ನನ್ನ ಗೆಳೆಯನೊಬ್ಬ ರಜೆ ಬಂತೆಂದರೆ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಯುತ್ತಾನೆ. ರಾತ್ರಿ ನಾನು ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಫೋನು ಟಿಣ್ ಟಿಣ್ ಅನ್ನುತ್ತದೆ. ಅದೇ ಮಗು, ಅದೇ ಮರ, ಅದೇ ನಗು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೆತ್ತವರಿಗೆ ಮಾತ್ರ ಕಾಣುವಂಥದ್ದು. ಎಲ್ಲಾ ಬಂದು ಮುಗಿದ ಮೇಲೆ ಮೆಸೇಜು: "ಗುರೂ, ಯಾವುದು ಬೆಸ್ಟು? ಸುಮ್ನೆ ಚೆನ್ನಾಗಿದೆ ಅನ್ಬೇಡ. ತಪ್ಪಿದ್ರೆ ಹೇಳು."

ಹೇಳಿದೆ. ಎಲ್ಲವೂ ಮಟಮಟ ಮಧ್ಯಾಹ್ನದ ಫೋಟೋಗಳು. ಸೂರ್ಯ ನೆತ್ತಿಯ ಮೇಲೆ. ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ನೆರಳು ತುಟಿ ಮೇಲೆ ಬಿದ್ದು ಪುಟ್ಟ ಹುಡುಗಿಗೆ ಮೀಸೆ ಬಂದಿದೆ. "ಮರದ ನೆರಳಿನ ಅಂಚಿಗೆ ನಿಲ್ಲಿಸಿ ಮುಖ ಬಯಲಿನ ಕಡೆ ತಿರುಗಿಸು, ಬೆಳಕು ಮೆತ್ತಗೆ ಬೀಳುತ್ತೆ. ಇಲ್ಲಾಂದ್ರೆ ಸಂಜೆ ಹೋಗು" ಅಂದೆ.

"ಸಂಜೆ ರಚ್ಚೆ ಹಿಡೀತಾಳೆ. ಮಧ್ಯಾಹ್ನ ಮೂಡ್ ಚೆನ್ನಾಗಿರುತ್ತೆ." ಮೂಡ್ ಚೆನ್ನಾಗಿರುವ ಮಗು ಬಿಸಿಲಿಗೆ ಹುಬ್ಬು ಗಂಟು ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ನಿಂತಿದೆ!

"ಇದರಲ್ಲಿ ತಲೆ ಮೇಲೆ ಲೈಟು ಕಂಬ ಎದ್ದಿದೆ."

"ಕಂಬ ಬಿಡೋ, ನಗು ನೋಡು."

ಮುಂದಿನದು ಮುಖದ ಕ್ಲೋಸಪ್. ಇವನಿಗೆ ಬ್ಯಾಕ್‌ಗ್ರೌಂಡ್ ಬ್ಲರ್ ಆಗಬೇಕು ಅನ್ನೋ ಹುಚ್ಚು. 50 ಎಂಎಂ ಲೆನ್ಸು, 1.8 ಅಪರ್ಚರ್ (ಅಂದರೆ ಬೆಳಕು ಬರುವ ಕಿಂಡಿ ಅಗಲವಾಗಿ ತೆರೆದು), ಒಂದು ಮೀಟರ್ ದೂರದಿಂದ ಕ್ಲಿಕ್ಕು. ಅಷ್ಟರಲ್ಲಿ ಫೋಕಸ್ಸಿಗೆ ಸಿಗುವುದು ಹಿಂದೆ ಮುಂದೆ ಸೇರಿ ಮೂರ್ನಾಲ್ಕು ಸೆಂಟಿಮೀಟರ್ ಜಾಗ. ಮಗು ಕತ್ತು ಆಡಿಸಿದರೆ ಅದೂ ಹೋಯ್ತು. "ನೋಡು, ಮೂಗು ಶಾರ್ಪ್ ಆಗಿದೆ..." ಅಂತ ಶುರು ಮಾಡಿದೆ. ಕಣ್ಣು ಬ್ಲರ್ ಆಗಿದೆ ಅನ್ನೋದು ಇನ್ನೂ ಟೈಪ್ ಆಗಬೇಕಿತ್ತು. ಅಷ್ಟರಲ್ಲಿ ಉತ್ತರ ಬಂತು: "ಹೂಂ, ಅದು ನಮ್ಮಮ್ಮನ ಮೂಗು ಕಣೋ!"

ಇನ್ನು ನಿಂತುಕೊಂಡೇ ಮೇಲಿನಿಂದ ತೆಗೆದ ಫೋಟೋ. "ಹೀಗೆ ತೆಗೆದ್ರೆ ತಲೆ ದಪ್ಪ, ಕಾಲು ಗಿಡ್ಡ ಕಾಣುತ್ತೆ. ಮಂಡಿಯೂರಿ ಅವಳ ಕಣ್ಣಿನ ಮಟ್ಟಕ್ಕೆ ಬಾ" ಅಂದೆ. ಇದು ಕ್ಯಾಮೆರಾ ಹಿಡಿದ ಯಾರಾದರೂ ಹೇಳುವ ಮಾತು, ಅಲ್ವಾ? ಮಾರನೇ ದಿನ ಬೆಳಿಗ್ಗೆ ಅವನ ಹೆಂಡತಿಯ ಫೋನು.

"ಏನಣ್ಣ, ನಮ್ಮ ಪುಟ್ಟಿ ತಲೆ ದಪ್ಪ ಅಂದ್ರಂತೆ?"

ಅಪರ್ಚರ್ ಬಗ್ಗೆ ಹೇಳಿದೆ. ಆ್ಯಂಗಲ್ ಬಗ್ಗೆ ಹೇಳಿದೆ. "ಪರವಾಗಿಲ್ಲ ಬಿಡಿ, ಡಾಕ್ಟರು ಎಲ್ಲಾ ಸರಿಯಾಗಿದೆ ಅಂದಿದ್ದಾರೆ" ಅಂತ ಆಕೆ ಫೋನಿಟ್ಟರು.

ಕಳೆದ ವಾರ ಮಹಾಶಯ ಕೊನೆಗೂ ಸಂಜೆ ಹೋದ. ಬೆಳಕು ಬಂಗಾರ. ಆದರೆ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದಾನೆ. ಅವನ ಉದ್ದನೆಯ ನೆರಳು ಹುಲ್ಲಿನ ಮೇಲೆ ಹರಿದು ಮಗಳ ಚಪ್ಪಲಿ ಮುಟ್ಟಿದೆ. ಎರಡೂ ಮೊಣಕೈ ಅಗಲಿಸಿ ಕ್ಯಾಮೆರಾ ಹಿಡಿದದ್ದೂ ಕಾಣುತ್ತದೆ. ಕ್ರಾಪ್ ಮಾಡು ಅಂತ ಟೈಪ್ ಮಾಡಿದವನು ಅಳಿಸಿದೆ. ನಮ್ಮ ಹಳೇ ಆಲ್ಬಮ್ಮಿನಲ್ಲೂ ಇಂಥದ್ದೊಂದು ಫೋಟೋ ಇದೆ. ಆಗ 36 ಫೋಟೋದ ರೋಲು, ತೊಳೆದು ಬರುವವರೆಗೂ ಏನು ಬಂದಿದೆ ಅಂತ ಗೊತ್ತಾಗುತ್ತಿರಲಿಲ್ಲ. ಸೂರ್ಯ ಬೆನ್ನ ಹಿಂದೆ ಇರಬೇಕು ಅನ್ನೋದೇ ಎಲ್ಲರ ನಿಯಮ. ನಾನು ಕಣ್ಣು ಕಿರಿದು ಮಾಡಿ ನಿಂತಿದ್ದೇನೆ. ಮುಂದೆ ಅಪ್ಪನ ನೆರಳು. ಕ್ಯಾಮೆರಾ ಯಾವಾಗಲೂ ಅಪ್ಪನ ಕೈಯಲ್ಲೇ ಇದ್ದದ್ದರಿಂದ ಆ ಇಡೀ ಆಲ್ಬಮ್ಮಿನಲ್ಲಿ ಅಪ್ಪ ಇರುವುದು ಅಷ್ಟೇ.

"ನೆರಳು ಇರಲಿ, ಚೆನ್ನಾಗಿದೆ" ಅಂದೆ.

"ಸುಮ್ನೆ ಚೆನ್ನಾಗಿದೆ ಅನ್ಬೇಡ ಅಂದಿದ್ನಲ್ವಾ? ನಿಂಗೆ ಇಂಟರೆಸ್ಟೇ ಹೋಗಿದೆ. ನೆರಳು ಫಾಲ್ಟು ಅಂತ ನನಗೇ ಗೊತ್ತಾಯ್ತು" ಅಂತ ಬೈದ. ಐದು ನಿಮಿಷದಲ್ಲಿ ಯಾವುದೋ ಆ್ಯಪ್‌ನಲ್ಲಿ ನೆರಳು ಅಳಿಸಿ ಕಳಿಸಿದ. ಹುಲ್ಲು ಹಸಿರಾಗಿದೆ, ನೆರಳಿನ ಸುಳಿವಿಲ್ಲ. ನೆರಳಿನ ಜೊತೆಗೆ ಮಗುವಿನ ಬಲಗಾಲೂ ಪಾದದಿಂದ ಮೇಲಕ್ಕೆ ಮಾಯ.

"ಈಗ ಹೇಗಿದೆ? ನಿಜ ಹೇಳು."

ಹೇಳಿದರೆ ಬೆಳಿಗ್ಗೆ ಫೋನು ಬರುತ್ತೆ: "ಏನಣ್ಣ, ನಮ್ಮ ಪುಟ್ಟಿಗೆ ಒಂದೇ ಕಾಲು ಅಂದ್ರಂತೆ?" ಹೆಬ್ಬೆರಳಿನ ಇಮೋಜಿ ಒತ್ತಿ ಮಲಗಿಬಿಟ್ಟೆ. ಈಗ ಅದೇ ಅವನ ಡಿಪಿ.