ಫಲಕವನ್ನು ಅಳೆಯುತ್ತೀರಿ, ಉಳಿದ ದಾರಿಯನ್ನು ಯಾರು ಅಳೆಯಬೇಕು?

ಫುಟ್‌ಪಾತ್ ಮೇಲೆ ಅಂಗಡಿಯ ಫಲಕ ಇಡುವುದಕ್ಕೆ ನಿಯಮವಿದೆ. ಅರ್ಜಿಯಿದೆ, ಶುಲ್ಕವಿದೆ, ಎತ್ತರ ಇಷ್ಟು ಅಗಲ ಇಷ್ಟು ಎಂಬ ಮಿತಿಯಿದೆ. ಫಲಕ ಇಟ್ಟ ಮೇಲೆ ಜನರಿಗೆ ನಡೆಯಲು ಎಷ್ಟು ಜಾಗ ಉಳಿಯಿತು ಎಂದು ಬಂದು ನೋಡುವವರು ಮಾತ್ರ ಒಬ್ಬರೂ ಇಲ್ಲ. ಕೇಳಿದರೆ ಅನುಮತಿ ಕೊಡುವ ನಗರಾಡಳಿತದವರ ಸಿದ್ಧ ಉತ್ತರ: "ಫಲಕ ಅಳತೆಯೊಳಗೇ ಇದೆ, ಶುಲ್ಕವನ್ನೂ ಕಟ್ಟಿದ್ದಾರೆ, ಇನ್ನೇನು ಮಾಡಬೇಕು ಹೇಳಿ?" ಹೇಳುತ್ತೇನೆ, ಕೇಳಿ.

ಅಂಗಡಿಯ ಹಣೆಗೆ ಅಂಟಿಕೊಂಡಿರುವ ನಾಮಫಲಕದ ಬಗ್ಗೆ ನನ್ನ ತಕರಾರಿಲ್ಲ. ಮೈಯೆಲ್ಲ ಉರಿಯುವುದು ಏಣಿಯಂತೆ ಎರಡು ಕಾಲು ಅಗಲಿಸಿಕೊಂಡು ನೆಲದ ಮೇಲೆ ನಿಲ್ಲುವ ಮಡಚು ಫಲಕವನ್ನು ಕಂಡರೆ. ಅಳೆಯುವವರು ಅದರ ಮುಖದ ಹಲಗೆಯನ್ನು ಅಳೆಯುತ್ತಾರೆ, ಹಿಂದಕ್ಕೂ ಮುಂದಕ್ಕೂ ಚಾಚಿದ ಕಾಲುಗಳನ್ನು ಬಿಟ್ಟುಬಿಡುತ್ತಾರೆ. ಗಾಳಿಗೆ ಬೀಳಬಾರದೆಂದು ಕಾಲಿನ ಮೇಲೆ ಹೇರಿದ ಮರಳಿನ ಚೀಲ ಲೆಕ್ಕಕ್ಕಿಲ್ಲ. ಯಾರೂ ಕದ್ದೊಯ್ಯಬಾರದೆಂದು ದೀಪದ ಕಂಬಕ್ಕೆ ಬಿಗಿದ ಸರಪಳಿ ಮೊಣಕಾಲಿನ ಮಟ್ಟದಲ್ಲಿ ದಾರಿಗೆ ಅಡ್ಡವಾಗಿ ಜೋತಾಡುತ್ತಿರುತ್ತದೆ. ಅದೂ ಲೆಕ್ಕಕ್ಕಿಲ್ಲ.

ಬಿಳಿ ಕೋಲು ಹಿಡಿದು ನಡೆಯುವವರ ಪಾಡನ್ನು ಒಮ್ಮೆ ಹತ್ತಿರದಿಂದ ನೋಡಿ. ಕೋಲು ನೆಲವನ್ನು ತಡವುತ್ತಾ ಸಾಗುತ್ತದೆ. ಫಲಕದ ಮಗ್ಗುಲು ಎದುರಾದರೆ ಕೋಲಿನ ತುದಿ ಎರಡು ಕಾಲುಗಳ ನಡುವಿನ ಸಂದಿಯಲ್ಲಿ ಸಲೀಸಾಗಿ ನುಸುಳಿಬಿಡುತ್ತದೆ. ಮುಂದೆ ಏನೂ ಇಲ್ಲ ಎಂದು ಕೈ ನಂಬುತ್ತದೆ. ಮುಂದಿನ ಹೆಜ್ಜೆಗೆ ಹಲಗೆಯ ಅಂಚು ಮೊಣಕಾಲಿಗೋ ತೊಡೆಗೋ ಬಡಿಯುತ್ತದೆ. ಇದು ಯಾರ ಗಮನಕ್ಕೂ ಬಾರದ ಅಪಾಯವೇನಲ್ಲ. ಅಮೆರಿಕದಲ್ಲಿ ಅಂಗವಿಕಲರ ಕಾಯ್ದೆಯಡಿ 2010ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಇಂಥದ್ದಕ್ಕೇ ಲೆಕ್ಕವಿದೆ: ನೆಲದಿಂದ 27 ಅಂಗುಲಕ್ಕಿಂತ ಮೇಲೆ, 80 ಅಂಗುಲಕ್ಕಿಂತ ಕೆಳಗೆ ಗೋಡೆಯಿಂದ ದಾರಿಗೆ ಚಾಚಿದ ವಸ್ತು 4 ಅಂಗುಲ ಮೀರಬಾರದು. ಆ ಎತ್ತರದಲ್ಲಿ ಇರುವುದು ಕೋಲಿಗೆ ಸಿಗುವುದಿಲ್ಲ, ನೇರ ಮೈಗೇ ತಾಗುತ್ತದೆ.

ಇನ್ನು ಕಣ್ಣು ಕಾಣದವರು ಕಾಲಿನಿಂದ, ಕೋಲಿನಿಂದ ತಡವಿ ದಾರಿ ಹಿಡಿಯಲೆಂದು ಹಾಸಿರುವ ಆ ಹಳದಿ ಉಬ್ಬುಗಲ್ಲುಗಳು. ಜಪಾನಿನ ಸೆಯಿಚಿ ಮಿಯಾಕೆ ಅವುಗಳನ್ನು 1965ರಲ್ಲಿ ರೂಪಿಸಿದರು, 1967ರಲ್ಲಿ ಒಕಯಾಮಾ ನಗರದಲ್ಲಿ ಮೊದಲ ಬಾರಿಗೆ ಹಾಸಲಾಯಿತು. ಇಂದು ಲೋಕದ ಎಷ್ಟೋ ನಗರಗಳ ಫುಟ್‌ಪಾತ್‌ಗಳಲ್ಲಿ ಅವು ಇವೆ. ಸಾರ್ವಜನಿಕರ ಹಣದಲ್ಲಿ ಹಾಸಿದ ಆ ಹಳದಿ ಪಟ್ಟಿಯ ಮೇಲೇ ಫಲಕವನ್ನು ತಂದು ಕೂರಿಸುತ್ತಾರೆ. ಅಲ್ಲಿಟ್ಟರೆ ದಾರಿಯ ನಡುಮಧ್ಯೆ ಎಲ್ಲರಿಗೂ ಎದ್ದು ಕಾಣುತ್ತದಂತೆ. ಕಾಣುವವರ ಕಣ್ಣಿಗೆ ಬೀಳಲೆಂದು ಕಾಣದವರ ದಾರಿ ಕಿತ್ತುಕೊಳ್ಳುವುದು ಯಾವ ನ್ಯಾಯ?

ನಮ್ಮ ಅತ್ತೆಯವರ ಗಾಲಿಕುರ್ಚಿ ತಳ್ಳುವವಳು ನಾನು. ಫಲಕ ಅಡ್ಡವಾದಾಗ ಬಂದ ದಾರಿಯಲ್ಲೇ ಹಿಂದಿರುಗಿ, ಇಳಿಜಾರು ಇರುವ ಕಡೆ ರಸ್ತೆಗಿಳಿದು, ಬಸ್ಸು ಲಾರಿಗಳ ಮಗ್ಗುಲಲ್ಲೇ ಸಾಗಿ, ಮುಂದಿನ ಇಳಿಜಾರಿನಲ್ಲಿ ಮತ್ತೆ ಹತ್ತಬೇಕು. ಅಂಗಡಿಯವರು ನೋಡಿದರೆ, "ಒಂದು ನಿಮಿಷ ತಾಳಿ, ಸರಿಸುತ್ತೇನೆ" ಎನ್ನುತ್ತಾರೆ. ಸರಿಸುತ್ತಾರೆ ಕೂಡ. ನಾವು ದಾಟಿದ ಮೇಲೆ ಮತ್ತೆ ಅಲ್ಲೇ ಇಡುತ್ತಾರೆ. ಎಲ್ಲರಿಗೂ ಸೇರಿದ ದಾರಿಯಲ್ಲಿ ಹೋಗಲು ಅತ್ತೆಯವರು ದಿನವೂ ಇನ್ನೊಬ್ಬರ ಅಪ್ಪಣೆಗೆ ಕಾಯಬೇಕೇ? "ಯಾಕಮ್ಮ ನಿನಗೂ ತೊಂದರೆ, ಮನೆಯಲ್ಲೇ ಇರೋಣ" ಎನ್ನುತ್ತಾರೆ ಈಗೀಗ. ಆ ಮಾತು ಕೇಳಿದಾಗ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ.

ಎಷ್ಟು ಜಾಗ ಬಿಡಬೇಕು ಎನ್ನುವ ಅಂಕಿಗೇನೂ ಬರವಿಲ್ಲ. ಅಮೆರಿಕದ ಅದೇ ಮಾನದಂಡ ಕನಿಷ್ಠ 36 ಅಂಗುಲ ಎನ್ನುತ್ತದೆ. ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ ಸಂಸ್ಥೆಯ 2012ರ ಮಾರ್ಗಸೂಚಿ ಅಡೆತಡೆಯಿಲ್ಲದ 1.8 ಮೀಟರ್ ಅಗಲವನ್ನೂ 2.2 ಮೀಟರ್ ಎತ್ತರವನ್ನೂ ಕೇಳುತ್ತದೆ. ಅಂಕಿಯನ್ನು ಪುಸ್ತಕದಿಂದ ಬೀದಿಗೆ ತರುವ ಮನಸ್ಸು ಬೇಕು, ಅಷ್ಟೇ.

ಆ ಮನಸ್ಸು ಎಷ್ಟಿದೆ ಎಂದು ನಾನು ದೂರು ಕೊಟ್ಟಾಗ ಗೊತ್ತಾಯಿತು. ಕೆಲವು ದಿನಗಳ ನಂತರ "ದೂರು ಇತ್ಯರ್ಥವಾಗಿದೆ" ಎಂದು ಸಂದೇಶ ಬಂತು, ಜೊತೆಗೆ ಸಾಕ್ಷಿಗೆ ಒಂದು ಫೋಟೊ. ಅದರಲ್ಲಿ ಫುಟ್‌ಪಾತ್ ಖಾಲಿಯೇ ಇದೆ. ಆದರೆ ಹಿಂದೆ ಸಾಲಾಗಿ ಎಲ್ಲ ಅಂಗಡಿಗಳ ಷಟರ್ ಇಳಿದಿದೆ! ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು, ಫಲಕ ಹೊರಗೆ ಬಾರದ ಹೊತ್ತಿನಲ್ಲಿ ಫೋಟೊ ತೆಗೆದು, ಅಡಚಣೆ ಕಂಡುಬಂದಿಲ್ಲ ಎಂದು ಷರಾ ಬರೆದು ಕಡತ ಮುಚ್ಚಿದ್ದಾರೆ. ಇದು ಸೋಮಾರಿತನವಲ್ಲ, ನನ್ನ ಕಣ್ಣಿಗೆ ಮಣ್ಣೆರಚುವ ಕೆಲಸ.

ಸಣ್ಣ ಅಂಗಡಿಯವರ ಸಂಕಟ ನನಗೆ ಅರ್ಥವಾಗದ್ದೇನಲ್ಲ. ಓಣಿಯ ಒಳಗಿರುವವರಿಗೆ, ಮಹಡಿಯ ಮೇಲಿರುವವರಿಗೆ ಮುಂದೊಂದು ಫಲಕ ಇಲ್ಲದಿದ್ದರೆ ಗಿರಾಕಿ ಬರುವುದು ಕಷ್ಟ. ಅವರಿಗೆ ಗೋಡೆಯಲ್ಲಿ, ತಲೆಗೆ ತಾಗದ ಎತ್ತರದಲ್ಲಿ ಜಾಗ ಕೊಡಿ, ಓಣಿಯ ಬಾಯಲ್ಲಿ ಎಲ್ಲರ ಹೆಸರೂ ಇರುವ ಒಂದೇ ಫಲಕ ಹಾಕಿಸಿಕೊಡಿ. ಅದನ್ನು ಬಿಟ್ಟು ಒಬ್ಬರಿಗೆ ಅನುಮತಿ ಕೊಟ್ಟರೆ ಪಕ್ಕದವರೂ ಇಡುತ್ತಾರೆ, ಒಬ್ಬರು ಗೋಡೆಗೆ ತಾಗಿಸಿ, ಇನ್ನೊಬ್ಬರು ರಸ್ತೆಯಂಚಿಗೆ. ಗೋಡೆಯ ಅಂಚನ್ನೇ ಕೋಲಿನಿಂದ ತಡವಿಕೊಂಡು ದಾರಿ ಹಿಡಿಯುವವರು ಎಷ್ಟೋ ಮಂದಿ ಇದ್ದಾರೆ. ಅವರು ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದಕ್ಕೆ ಸಿಕ್ಕಿಬೀಳುತ್ತಾರೆ.

ಫುಟ್‌ಪಾತ್‌ನಿಂದ ಫಲಕ ತೆಗೆಸುವುದು ಆಗದ ಹೋಗದ ಮಾತು ಎನ್ನುವವರು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರವನ್ನು ನೋಡಲಿ. ಇಂಥ ಮಡಚು ಫಲಕಗಳನ್ನು 2018ರ ನವೆಂಬರ್‌ನಲ್ಲಿ ಇಡೀ ನಗರದಲ್ಲೇ ನಿಷೇಧಿಸಿದರು.

ಪೂರ್ತಿ ನಿಷೇಧಿಸುವ ಧೈರ್ಯವಿಲ್ಲವೇ? ಬೇಡ. ಪರವಾನಗಿ ಪತ್ರದಲ್ಲಿ ಫಲಕದ ಅಳತೆಗಿಂತ ಮೊದಲು, ಅದನ್ನು ಇಟ್ಟ ಮೇಲೆ ಉಳಿಯುವ ದಾರಿಯ ಅಳತೆಯನ್ನು ಬರೆಯಿರಿ. ಕಾಲು, ಚೀಲ, ಸರಪಳಿ ಎಲ್ಲವನ್ನೂ ಸೇರಿಸಿ ಅಳೆಯಿರಿ. ಅಂಗಡಿ ತೆರೆದಿರುವಾಗ, ಸಂಜೆ ಜನ ತುಂಬಿರುವ ಹೊತ್ತಿಗೆ ಬಂದು ಅಳೆಯಿರಿ. ಹಳದಿ ಪಟ್ಟಿ ಮುಚ್ಚುವ ಕಡೆ, ಗಾಲಿಕುರ್ಚಿ ಹೋಗಲಾರದ ಕಡೆ ಅರ್ಜಿಯನ್ನೇ ತೆಗೆದುಕೊಳ್ಳಬೇಡಿ, ಶುಲ್ಕವನ್ನೂ ಮುಟ್ಟಬೇಡಿ.