ಕ್ಯಾಲ್ಗರಿ-ಎಲ್ಬೋ ಮಾತ್ರ ಬೇರೆ ಕತೆ

ಆಲ್ಬರ್ಟಾದ ಜನ ಕಣ್ಣು ಮುಚ್ಚಿ ಒಂದೇ ಕಡೆ ಓಟು ಹಾಕುತ್ತಾರೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಕೆನಡಾದ ಆ ಪ್ರಾಂತ್ಯವನ್ನು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ 1971ರಿಂದ 2015ರವರೆಗೆ ಆಳಿದ್ದು ನಿಜ. ಆದರೆ ಕ್ಯಾಲ್ಗರಿ-ಎಲ್ಬೋ ಕ್ಷೇತ್ರವನ್ನು ಸ್ವಲ್ಪ ನೋಡಿ.

ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದ ರಾಲ್ಫ್ ಕ್ಲೈನ್ ಅವರ ಕ್ಷೇತ್ರ ಅದು. ಅವರು ಬಿಟ್ಟ ಮೇಲೆ 2007ರ ಉಪಚುನಾವಣೆಯಲ್ಲಿ ಲಿಬರಲ್ ಗೆದ್ದಿತು! ಮರುವರ್ಷವೇ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಅಲಿಸನ್ ರೆಡ್‌ಫರ್ಡ್ ಅದನ್ನು ಕಿತ್ತುಕೊಂಡರು, ಆಮೇಲೆ ಅವರೂ ಪ್ರೀಮಿಯರ್ ಆದರು.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. ರೆಡ್‌ಫರ್ಡ್ ರಾಜೀನಾಮೆ ಕೊಟ್ಟಿದ್ದಕ್ಕೆ 2014ರ ಅಕ್ಟೋಬರ್‌ನಲ್ಲಿ ಉಪಚುನಾವಣೆ. ಅದೇ ಪಕ್ಷದ ಗೋರ್ಡನ್ ಡರ್ಕ್ಸ್ ಗೆದ್ದರು, ಆಲ್ಬರ್ಟಾ ಪಾರ್ಟಿಯ ಗ್ರೆಗ್ ಕ್ಲಾರ್ಕ್ ಸೋತರು. ಏಳು ತಿಂಗಳೂ ಕಳೆದಿರಲಿಲ್ಲ, 2015ರ ಮೇನಲ್ಲಿ ಮತ್ತೆ ಅದೇ ಇಬ್ಬರು. ಈ ಸಲ ಫಲಿತಾಂಶ ಉಲ್ಟಾ! ಇಡೀ ಪ್ರಾಂತ್ಯದಲ್ಲಿ ಆ ಪುಟ್ಟ ಪಕ್ಷಕ್ಕೆ ಸಿಕ್ಕಿದ್ದೂ ಅದೊಂದೇ ಸೀಟು.

2019ರಲ್ಲಿ ಗೆದ್ದಿದ್ದು ಯುಸಿಪಿ (ಯುನೈಟೆಡ್ ಕನ್ಸರ್ವೇಟಿವ್ ಪಾರ್ಟಿ), 2023ರಲ್ಲಿ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ). 2007ರಿಂದ ಲೆಕ್ಕ ಹಾಕಿದರೆ ಐದು ಪಕ್ಷ ಆಯಿತು. ಸುಮ್ನೆ ಭದ್ರಕೋಟೆ ಅಂದರೆ ಹೇಗೆ ಸ್ವಾಮಿ?